'ಅವರು' ಎಂದು ಹಾಕಿಸಿದ ಕಾಕ

ಕಳೆದ ತಿಂಗಳು ಕಾಕ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಟರು. ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದಾಗ, ನಿಮ್ಮ ಬಗ್ಗೆ ಒಂದಷ್ಟು ಬರೆಯಬೇಕೆಂದಿದ್ದೇನೆ ಎಂದೆ. ಅವರು ಟ್ರಾಲಿಯ ಮೇಲಿದ್ದ ರಟ್ಟಿನ ಪೆಟ್ಟಿಗೆಯ ಹಗ್ಗವನ್ನು ಇನ್ನೊಮ್ಮೆ ಎಳೆದು ನೋಡಿದರು. "ಬರಿ ಮಾರಾಯ್ತಿ, ಬೇಡ ಅನ್ನುದಿಲ್ಲ. ಹೆಸರು ಮಾತ್ರ ಹಾಕಬೇಡ. ಹೆಸರು ಹಾಕಿದರೆ ನಮ್ಮ ಊರಿನವರು ಕತೆ ಬಿಟ್ಟು ಇವನು ಯಾರ ಮಗ, ಯಾವ ಮನೆ ಅಂತ ಹುಡುಕ್ತಾ ಕೂತ್ಕೊಳ್ತಾರೆ" ಎಂದರು.

ಹಾಗಾಗಿ ಇಲ್ಲಿ ಅವರು ಬರೀ ಕಾಕ, ಕರಾವಳಿಯಲ್ಲಿ ಹಿರಿಯ ಮುಸ್ಲಿಮರನ್ನು ಕರೆಯುವ ಹಾಗೆ. ಆಫೀಸಿನಲ್ಲೂ ಅಷ್ಟೇ ಆಗಿದ್ದರು. ಅರಬಿ ಮೇಜಿನವರೂ ಹಿಂದಿ ಮೇಜಿನವರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಅದೇ ಅವರ ಹೆಸರು ಎಂದು ಕೆಲವರು ತಿಳಿದಿದ್ದರು.

ನಮ್ಮದು ಸಬ್‌ಟೈಟಲ್ ಬರೆಯುವ ಕಂಪೆನಿ. ಹೊರದೇಶದ ಸಿನಿಮಾ, ಧಾರಾವಾಹಿಗಳು ನಮ್ಮಲ್ಲಿಗೆ ಬರುತ್ತವೆ. ಅವುಗಳ ಇಂಗ್ಲಿಷ್ ಮಾತಿಗೆ ಪರದೆಯ ಕೆಳಗೆ ನಮ್ಮ ನಮ್ಮ ಭಾಷೆಯಲ್ಲಿ ಎರಡೆರಡು ಸಾಲು ಬರೆದು ಕಳಿಸಬೇಕು. ಮುಖ್ಯ ಕಚೇರಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ. ನಾವು ಕೂರುತ್ತಿದ್ದುದು ದುಬೈಯ ದೇರಾದಲ್ಲಿ, ಕೆಳಗೆ ಮಸಾಲೆ ಸಾಮಾನಿನ ಗೋದಾಮು ಇದ್ದ ಹಳೆಯ ಕಟ್ಟಡದ ಐದನೆಯ ಮಹಡಿಯಲ್ಲಿ. ಕನ್ನಡದ ಮೇಜಿನಲ್ಲಿ ಇಬ್ಬರೇ ಇದ್ದೆವು. ಬರೆಯುವವಳು ನಾನು, ತಿದ್ದುವವರು ಕಾಕ.

ನಾನು ಕಾರ್ಕಳದ ಕಡೆಯವಳು, ಕನ್ನಡ ಎಂ.ಎ. ಗಂಡ ಅಬುಧಾಬಿಯ ಹತ್ತಿರದ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಕಂಪೆನಿಯಲ್ಲಿ ಸೂಪರ್‌ವೈಸರ್. ವಾರವಿಡೀ ಅಲ್ಲೇ ಕಂಪೆನಿ ಕ್ಯಾಂಪಿನಲ್ಲಿದ್ದು ಶನಿವಾರ ಭಾನುವಾರ ದುಬೈಗೆ ಬರುತ್ತಾರೆ. ನಾನೂ ಮಗಳೂ ಇಲ್ಲಿ ಒಂದು ಹಂಚಿಕೊಂಡ ಫ್ಲ್ಯಾಟಿನಲ್ಲಿ. ಎಂ.ಎ. ಎಂದು ಯಾಕೆ ಹೇಳಿದೆನೆಂದರೆ ಕೆಲಸಕ್ಕೆ ಸೇರಿದ ಮೊದಲ ದಿನ ಅದರ ಹಮ್ಮು ನನಗಿತ್ತು. ಕಾಕ ಓದಿದ್ದು ಪಿಯುಸಿ, ಅದೂ ಅರ್ಧ.

ಮೊದಲ ದಿನ ನಾನು ತರ್ಜುಮೆ ಮಾಡಿದ್ದ ಒಂದು ದೃಶ್ಯದಲ್ಲಿ ಪೊಲೀಸಿನವನು ಕಳ್ಳನಿಗೆ ಪಿಸ್ತೂಲು ಹಿಡಿದಿರುತ್ತಾನೆ. 'ದಯವಿಟ್ಟು ನಿಮ್ಮ ಎರಡೂ ಕೈಗಳನ್ನು ಮೇಲಕ್ಕೆತ್ತಿ' ಎಂದು ಬರೆದಿದ್ದೆ. ಕಾಕ ಕನ್ನಡಕ ಹಣೆಗೇರಿಸಿ ಅದನ್ನು ಎರಡು ಸಲ ಓದಿದರು. ಆಮೇಲೆ ಬಹಳ ಮೆತ್ತಗೆ, "ನಿನ್ನ ಪೊಲೀಸು ದಯವಿಟ್ಟು ಹೇಳಿ ಮುಗಿಸುವಷ್ಟರಲ್ಲಿ ಕಳ್ಳ ಮನೆಗೆ ಹೋಗಿ ಊಟ ಮಾಡಿರ್ತಾನೆ" ಎಂದು 'ಕೈ ಎತ್ತು' ಎಂದು ತಿದ್ದಿದರು. ನನಗೆ ಸಿಟ್ಟು ಬಂತು. ಸಂಜೆ ಮನೆಗೆ ಹೋಗಿ ಒಬ್ಬಳೇ ಕೂತು ನೆನಪಿಸಿಕೊಂಡಾಗ ನಗು ಬಂತು.

ಅವರು ಇಪ್ಪತ್ತೊಂದನೆಯ ವಯಸ್ಸಿಗೆ ಉಳ್ಳಾಲದಿಂದ ಬಂದು ದೇರಾದ ಒಂದು ವಿಡಿಯೊ ಕ್ಯಾಸೆಟ್ ಅಂಗಡಿಗೆ ಸೇರಿದವರು. ಆ ಅಂಗಡಿಗೆ ಇಂಗ್ಲಿಷರು ಬರುತ್ತಿದ್ದರು. ಅವರಿಗಾಗಿ ಲಂಡನ್ನಿನಿಂದ ಅಲ್ಲಿನ ಟಿವಿ ಧಾರಾವಾಹಿಗಳ ಕ್ಯಾಸೆಟ್ಟು ತರಿಸುತ್ತಿದ್ದರು. ಹೇಗಿದೆ ಎಂದು ಗಿರಾಕಿ ಕೇಳಿದರೆ ಏನಾದರೂ ಹೇಳಬೇಕಲ್ಲ, ಅದಕ್ಕಾಗಿ ಕಾಕ ಎಲ್ಲವನ್ನೂ ನೋಡತೊಡಗಿದರು. ಮೊದಲ ವರ್ಷ ಮಾತು ಏನೂ ತಿಳಿಯುತ್ತಿರಲಿಲ್ಲವಂತೆ. ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಕೇಳಿ ಇಂಗ್ಲಿಷು ಕಿವಿಗೆ ಹತ್ತಿತು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಸಿಡಿ, ಸಿಡಿಯ ಕಾಲ ಮುಗಿದ ಮೇಲೆ ಮೊಬೈಲಿನ ಕವರು ಮಾರಿದರು. ಜೋರ್ಡಾನ್ ದೇಶದವರಾದ ನಮ್ಮ ಮಾಲೀಕರು ಆ ಕ್ಯಾಸೆಟ್ ಅಂಗಡಿಯ ಹಳೆಯ ಗಿರಾಕಿ. ಕಂಪೆನಿಗೆ ಕನ್ನಡದ ಕೆಲಸ ಬರತೊಡಗಿದಾಗ ಅವರಿಗೆ ನೆನಪಾದದ್ದು ಕಾಕ. ಹುಡುಕಿಸಿ ಕರೆಸಿಕೊಂಡರು.

ಕಾಕನ ಕೆಲಸದ ರೀತಿ ವಿಚಿತ್ರವಾಗಿತ್ತು. ಯಾವುದೇ ಎಪಿಸೋಡ್ ಬಂದರೂ ಮೊದಲ ಸಲ ಕಣ್ಣು ಮುಚ್ಚಿ ಕೇಳುವರು. ಹೆಡ್‌ಫೋನ್ ಹಾಕಿ, ಕುರ್ಚಿಗೆ ಒರಗಿ, ಬೆರಳುಗಳನ್ನು ಹೊಟ್ಟೆಯ ಮೇಲೆ ಹೆಣೆದುಕೊಂಡು. ಹೊಸಬರು ಮುದುಕ ನಿದ್ದೆ ಹೊಡೆಯುತ್ತಾನೆ ಎಂದುಕೊಳ್ಳುತ್ತಿದ್ದರು. "ಮುಖ ನೋಡಿದರೆ ಮುಖವನ್ನು ನಂಬ್ತೇವೆ, ಮಾತು ಕೇಳುದಿಲ್ಲ" ಎನ್ನುವರು. ಎರಡನೆಯ ಸಲ ಕಣ್ಣು ಬಿಟ್ಟು ನೋಡುವರು. ಮೂರನೆಯ ಸಲ ನಾನು ಬರೆದದ್ದನ್ನು ಬಾಯಿಬಿಟ್ಟು ಓದುತ್ತ ತಿದ್ದುವರು. ಯಾವುದಾದರೂ ಸಾಲು ನಾಲಿಗೆಗೆ ಸಿಕ್ಕಿಕೊಂಡರೆ ಊಟದ ಹೊತ್ತಿಗೆ ಉಳ್ಳಾಲಕ್ಕೆ ಫೋನು. ಅಲ್ಲಿ ಅವರ ಹೆಂಡತಿ. ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು, ದಿನಾ ಪೇಪರು ಓದುವವರು. ಕಾಕ ಸಾಲನ್ನು ಓದಿ, ಹೀಗೆ ಹೇಳ್ತಾರಾ ಎಂದು ಕೇಳುವರು. ಆಚೆಯಿಂದ ಹೆಚ್ಚಾಗಿ ಬರುತ್ತಿದ್ದ ಉತ್ತರ, ಯಾರೂ ಹೀಗೆ ಹೇಳುದಿಲ್ಲ. ಆ ಸಾಲು ಹೋಯಿತೆಂದೇ ಲೆಕ್ಕ.

ಎರಡು ವರ್ಷದ ಹಿಂದೆ ಆ ಧಾರಾವಾಹಿ ಬಂತು. ಅಮೆರಿಕದವರು ತೆಗೆದದ್ದು, ಎಂಟು ಎಪಿಸೋಡು. ಬ್ರಿಟಿಷರು ಎಂಬತ್ತರ ದಶಕದ ಕೊನೆಯಲ್ಲಿ ತೆಗೆದಿದ್ದ ಒಂದು ಪಿತೂರಿಯ ಕತೆಯನ್ನು ಅಮೆರಿಕದವರು ತಮ್ಮ ದೇಶಕ್ಕೆ ಹೊಂದಿಸಿಕೊಂಡಿದ್ದರು. ಕತೆ ಇಷ್ಟು: ಒಬ್ಬ ಸಾಮಾನ್ಯ ಸರಕಾರಿ ನೌಕರನ ಕೈಗೆ ಬರಬಾರದ ಒಂದು ಕಡತ ಬರುತ್ತದೆ. ಅದನ್ನು ಓದಿದವರು ಒಬ್ಬೊಬ್ಬರೇ ಸಾಯುತ್ತಾರೆ. ಎಲ್ಲದರ ಹಿಂದೆ ಒಬ್ಬರಿದ್ದಾರೆ, ಅವರ ಗುಪ್ತ ಹೆಸರು 'ರಿಜಿಸ್ಟ್ರಾರ್'. ಅದು ಯಾರು ಎಂಬುದು ಕಡೆಯ ಎಪಿಸೋಡಿನಲ್ಲಿ ತಿಳಿಯಬೇಕು.

ಧಾರಾವಾಹಿಯ ಒಡೆಯರು ಗುಟ್ಟು ಹೊರಗೆ ಹೋದೀತೆಂದು ಬಹಳ ಹೆದರಿದ್ದರು. ನಮಗೆ ಮೊದಲು ನಾಲ್ಕು, ಆಮೇಲೆ ಎರಡು ಎಪಿಸೋಡು ಕಳಿಸಿದರು. ಕಡೆಯ ಎರಡು ಎಲ್ಲ ಮುಗಿದ ಮೇಲೆ. ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಎಲ್ಲರಿಂದಲೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಕಾಕ ಸಹಿ ಹಾಕಿದ ದಿನವೇ ಹೆಂಡತಿಗೆ ಫೋನು ಮಾಡಿ, ಈ ಸಲ ನಿನ್ನನ್ನು ಏನೂ ಕೇಳುವ ಹಾಗಿಲ್ಲ ಎಂದರು. ಆಕೆ ಎರಡು ದಿನ ಮುನಿಸಿಕೊಂಡಿದ್ದರಂತೆ.

ಅದೇ ಹೊತ್ತಿಗೆ ಕಂಪೆನಿಗೆ ಹೊಸ ಮ್ಯಾನೇಜರ್ ಬಂದಿದ್ದರು. ಪುಣೆಯವರು, ಚುರುಕಿನ ಹೆಂಗಸು. ಕೆಟ್ಟವರೇನಲ್ಲ, ಅವರಿಗೆ ಎಲ್ಲವೂ ಬೇಗ ಆಗಬೇಕು. ಮೊದಲ ಕರಡನ್ನು ಇನ್ನು ಮುಂದೆ ಕಂಪ್ಯೂಟರೇ ಮಾಡುತ್ತದೆ, ನಾವು ಸರಿಪಡಿಸಿ ಕಳಿಸಿದರೆ ಸಾಕು ಎಂದು ಏರ್ಪಾಟು ಮಾಡಿದ್ದರು. ತಿದ್ದಲು ಬೇರೆ ಒಬ್ಬರು ಬೇಕೇ ಎಂಬ ಪ್ರಶ್ನೆ ಮೀಟಿಂಗಿನಲ್ಲಿ ಎರಡು ಸಲ ಬಂದಿತ್ತು. ಕಾಕನಿಗೆ ಅರವತ್ತು ದಾಟಿತ್ತು, ವೀಸಾ ರಿನ್ಯೂ ಆಗುವ ಸಮಯ. ಪ್ರಶ್ನೆ ಯಾರ ಬಗ್ಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಮೊದಲ ನಾಲ್ಕು ಎಪಿಸೋಡಿನ ಕರಡಿನಲ್ಲಿ ಕಂಪ್ಯೂಟರು ರಿಜಿಸ್ಟ್ರಾರ್ ಬಂದಲ್ಲೆಲ್ಲ ಗಂಡಸಿನ ಕ್ರಿಯಾಪದ ಹಾಕಿತ್ತು. ರಿಜಿಸ್ಟ್ರಾರ್ ಫೋನ್ ಮಾಡಿದ್ದ, ರಿಜಿಸ್ಟ್ರಾರ್ ಕಡತ ಕೇಳಿದ. ನಾನು ಹಾಗೇ ಬಿಟ್ಟಿದ್ದೆ. ಬ್ರಿಟಿಷರದ್ದರಲ್ಲಿ ರಿಜಿಸ್ಟ್ರಾರ್ ಗಂಡಸು ಎಂಬುದು ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆಲ್ಲ ಸಿಗುತ್ತಿತ್ತು.

ಕಾಕ ಎಂದಿನಂತೆ ಕಣ್ಣು ಮುಚ್ಚಿ ಕೇಳಿದರು. ನಾಲ್ಕೂ ಎಪಿಸೋಡು ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟರು. ಆಮೇಲೆ ನನ್ನ ಕಡೆ ಕುರ್ಚಿ ಎಳೆದುಕೊಂಡರು.

"ಇದರಲ್ಲಿ ರಿಜಿಸ್ಟ್ರಾರ್ ಹೆಂಗಸು" ಎಂದರು.

ಹೇಗೆ ಗೊತ್ತು ಎಂದೆ.

"ಬ್ರಿಟಿಷರದ್ದು ನನಗೆ ಅಂಗಡಿಯ ಕಾಲದಲ್ಲೇ ಗೊತ್ತುಂಟು, ಅದರಲ್ಲಿ ಎಲ್ಲರೂ 'ಹಿ' ಅಂತಲೇ ಹೇಳುದು. ಹಿ ವಾಂಟ್ಸ್, ಹಿ ನೋಸ್. ಇದರಲ್ಲಿ ರಿಜಿಸ್ಟ್ರಾರಿನ ಆಳುಗಳು ಒಬ್ಬರೂ ಒಂದು ಸಲವೂ ಹಿ ಹೇಳಿಲ್ಲ. ರಿಜಿಸ್ಟ್ರಾರ್ ಕಾಲ್ಡ್, ರಿಜಿಸ್ಟ್ರಾರ್ ವಾಂಟ್ಸ್, ಒಂದೇ ಉಸಿರಿಗೆ ಮೂರು ಸಲ ರಿಜಿಸ್ಟ್ರಾರ್. ಅಮೆರಿಕದವರು ಮಾತು ಉಳಿಸುವ ಜನ ಮಾರಾಯ್ತಿ, ಎಂತಕ್ಕೆ ಅಷ್ಟು ಉದ್ದದ ಹೆಸರನ್ನು ಮೂರು ಸಲ ಹೇಳಿಸ್ತಾರೆ? ಇನ್ನೊಂದುಂಟು. ಎರಡನೇ ಎಪಿಸೋಡಿನಲ್ಲಿ ಹೀರೋ ಒಮ್ಮೆ ಹಿ ಅಂತಾನೆ. ಆಗ ಎದುರಿಗಿದ್ದವನು ನಗ್ತಾನೆ. ಸಣ್ಣ ನಗು. ಕಣ್ಣು ಬಿಟ್ಟಿದ್ದರೆ ಅದು ಗೊತ್ತಾಗುದಿಲ್ಲ, ಮೂಗಿನಲ್ಲಿ ಗಾಳಿ ಬಿಟ್ಟ ಹಾಗೆ."

ನಾನು ಆ ಜಾಗ ಹುಡುಕಿ ಹಾಕಿದೆ. ನಗು ಇತ್ತು.

ಹಾಗಾದರೆ ಏನು ಮಾಡುವುದು ಎಂದೆ. ಗಂಡಸಿನ ಮಾತು ಹಾಕಿದರೆ ಸುಳ್ಳು ಹೇಳಿದ ಹಾಗೆ, ಹೆಂಗಸಿನ ಮಾತು ಹಾಕಿದರೆ ಗುಟ್ಟು ಬಿಟ್ಟ ಹಾಗೆ. ಕಾಕನಿಗೆ ಅದು ಕಷ್ಟವೇ ಆಗಿರಲಿಲ್ಲ. ಆಳುಗಳು ಯಜಮಾನರ ಬಗ್ಗೆ ಹೇಗೆ ಮಾತಾಡುತ್ತಾರೋ ಹಾಗೆ ಹಾಕು ಎಂದರು. ರಿಜಿಸ್ಟ್ರಾರ್ ಫೋನ್ ಮಾಡಿದ್ದರು. ರಿಜಿಸ್ಟ್ರಾರ್ ಕಡತ ಕೇಳಿದ್ದಾರೆ. ಅವರಿಗೆ ಗೊತ್ತಾದರೆ ನಮ್ಮನ್ನು ಬಿಡುವುದಿಲ್ಲ. ಹೀರೋ ಒಬ್ಬನೇ ಅವನು ಅನ್ನಲಿ, ಅವನಿಗೆ ಗೊತ್ತಿಲ್ಲವಲ್ಲ.

ನಾಲ್ಕು ಎಪಿಸೋಡಿನಲ್ಲಿ ಅರವತ್ತೆರಡು ಕಡೆ ಬದಲಿಸಬೇಕಿತ್ತು. ಬದಲಿಸಿ ಓದಿದಾಗ ನನಗೇ ಒಂದು ಥರ ಆಯಿತು. ಹಿಂದಿನ ಕರಡಿನಲ್ಲಿ ರಿಜಿಸ್ಟ್ರಾರ್ ಬರೀ ಒಬ್ಬ ಕಳ್ಳನಾಗಿದ್ದ. ಈಗ ಹೆದರಿಕೆ ಹುಟ್ಟಿತು. ಹೆಸರು ಹೇಳುವಾಗ ದನಿ ತಗ್ಗಿಸುವ ಜನರ ಮಾತಾಯಿತು.

ಮ್ಯಾನೇಜರ್ ಒಪ್ಪಲಿಲ್ಲ. ಅವರಿಗೆ ಕನ್ನಡ ಬಾರದು, ವಿವರಿಸಿ ಹೇಳಿದೆವು. ಹಿಂದಿಯವರೂ ಅರಬಿಯವರೂ ತಮಿಳಿನವರೂ ಗಂಡಸೆಂದೇ ಹಾಕಿದ್ದಾರೆ, ಅಪರಾಧಿಗಳಿಗೆ ಬಹುವಚನ ಬೇಡವೆಂದು ನಿಯಮದ ಪಟ್ಟಿಯಲ್ಲೇ ಇದೆ, ಒಂದು ಊಹೆಯ ಮೇಲೆ ನಿಯಮ ಮುರಿಯಲಾಗದು ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಒಡೆಯರನ್ನು ಒಮ್ಮೆ ಕೇಳಿ ಎಂದು ಕಾಕ ಹೇಳಿದರು. ಕತೆಯ ಗುಟ್ಟಿನ ಬಗ್ಗೆ ಪ್ರಶ್ನೆ ಕೇಳಬಾರದೆಂದೂ ಕಾಗದದಲ್ಲಿದೆ ಎಂದರು ಮ್ಯಾನೇಜರ್. ಮೊದಲಿದ್ದಂತೆಯೇ ಕಳಿಸಿ ಎಂಬುದು ಅವರ ಕೊನೆಯ ಮಾತು.

ಕಳಿಸುವ ಬಟನ್ ಒತ್ತಬೇಕಾದವಳು ನಾನು. ಎರಡು ಫೈಲೂ ನನ್ನ ಮುಂದೆ ಇದ್ದವು, ಮೊದಲಿನದು ಮತ್ತು ಕಾಕನದು. ಮಧ್ಯಾಹ್ನ ನಾಲ್ಕರೊಳಗೆ ಹೋಗಬೇಕು. ಕಾಕ ಅಸರ್ ನಮಾಜಿಗೆ ಎದ್ದವರು ನನ್ನ ಕುರ್ಚಿಯ ಹತ್ತಿರ ನಿಂತರು.

"ನಿನ್ನ ಮಗಳ ಶಾಲೆ ಉಂಟು. ವೀಸಾ ಉಂಟು. ನಾನು ಸರಿ ಅನ್ನಿಸಿದ್ದು ಹೇಳಿದೆ, ಅಲ್ಲಿಗೆ ನನ್ನದು ಮುಗಿಯಿತು. ನೀನು ಯಾವುದು ಕಳಿಸಿದರೂ ನನಗೆ ಬೇಜಾರಿಲ್ಲ."

ಅವರು ಬರುವಷ್ಟರಲ್ಲಿ ನಾನು ಕಾಕನ ಫೈಲು ಕಳಿಸಿದ್ದೆ. ಧೈರ್ಯದಿಂದಲ್ಲ. ಮೊದಲಿನದನ್ನು ಇನ್ನೊಮ್ಮೆ ಓದಿದೆ, ಅದನ್ನು ಕಳಿಸಲು ಕೈ ಬರಲಿಲ್ಲ ಅಷ್ಟೇ.

ಮುಂದಿನ ಎರಡು ಎಪಿಸೋಡನ್ನೂ ಹಾಗೇ ಮಾಡಿದೆವು. ಮೂರನೆಯ ವಾರ ಮ್ಯಾನೇಜರಿಗೆ ಗೊತ್ತಾಯಿತು. ಯಾವ ಸಾಲು ಯಾವಾಗ ಬದಲಾಯಿತೆಂದು ಕಂಪ್ಯೂಟರು ಲೆಕ್ಕ ಇಟ್ಟಿರುತ್ತದೆ. ನಮ್ಮಿಬ್ಬರನ್ನೂ ಒಳಗೆ ಕರೆದು, ಇದು ಯಾರ ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕ, ನಾನೇ ಬದಲಿಸಿದ್ದು, ಈಕೆ ಗಮನಿಸದೆ ಕಳಿಸಿದ್ದಾಳೆ ಎಂದರು. ಆ ಕ್ಷಣ ನಾನು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆಂಬ ಕಾಗದ ಮರುದಿನ ಕಾಕನ ಮೇಜಿಗೆ ಬಂತು. ಅವರು ಅದನ್ನು ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡು ಹೆಡ್‌ಫೋನ್ ತಲೆಗೇರಿಸಿದರು. ನಾನು ಕ್ಷಮೆ ಕೇಳಲು ಹೋದರೆ, "ಆರನೇ ಎಪಿಸೋಡಿನಲ್ಲಿ ನೀನು 'ಒಳಸಂಚು' ಅಂತ ಬರೆದಿದ್ದಿ. ಚೆನ್ನಾಗಿ ಕೂತಿದೆ" ಎಂದರು.

ಆ ವಾರವೇ ಕಡೆಯ ಎರಡು ಎಪಿಸೋಡು ಬಂದವು.

ಎಂಟನೆಯದರ ಮಧ್ಯದಲ್ಲಿ, ಹೀರೋಗೆ ಮೊದಲಿನಿಂದ ಊಟ ಹಾಕಿ, ಅಡಗಲು ಮನೆ ಕೊಟ್ಟಿದ್ದ ಮುದುಕಿ ಪ್ರೊಫೆಸರ್ ಕುರ್ಚಿಯಿಂದ ಏಳುತ್ತಾಳೆ. ಫೋನು ರಿಂಗಾಗುತ್ತದೆ. ಎತ್ತಿ, ರಿಜಿಸ್ಟ್ರಾರ್ ಮಾತಾಡುತ್ತಿರುವುದು ಎನ್ನುತ್ತಾಳೆ.

ನಾನು ತಿರುಗಿ ನೋಡಿದೆ. ಕಾಕ ಕಣ್ಣು ಮುಚ್ಚಿಯೇ ಇದ್ದರು. ಬೆರಳುಗಳು ಮಾತ್ರ ಹೊಟ್ಟೆಯ ಮೇಲೆ ಒಂದು ಸಲ ಬಿಚ್ಚಿ ಮತ್ತೆ ಹೆಣೆದುಕೊಂಡವು. ಅತ್ತ ಹಿಂದಿ ಮೇಜಿನಲ್ಲಿ ಗಲಾಟೆ ಎದ್ದಿತ್ತು, ಅರಬಿ ಮೇಜಿನವರು ಖಲಾಸ್ ಎಂದು ತಲೆಯ ಮೇಲೆ ಕೈ ಹೊತ್ತಿದ್ದರು. ಆರು ಎಪಿಸೋಡನ್ನೂ ಅವರು ಮೊದಲಿನಿಂದ ತಿದ್ದಬೇಕಿತ್ತು. ಕನ್ನಡದಲ್ಲಿ ಒಂದಕ್ಷರವೂ ಬದಲಿಸುವ ಕೆಲಸವಿರಲಿಲ್ಲ.

ನಾವು ಗೆದ್ದೆವೆಂದುಕೊಂಡೆ. ನನ್ನ ಖುಷಿ ಎರಡು ದಿನ ಉಳಿಯಿತು. ಮೂರನೆಯ ದಿನ ಹಮ್ದಾನ್ ಸ್ಟ್ರೀಟಿನ ಕಚೇರಿಯಿಂದ ಕರೆ ಬಂತು. ಧಾರಾವಾಹಿಯ ಒಡೆಯರು ಒಂದು ಪ್ರಶ್ನೆ ಎತ್ತಿದ್ದರು. ಎಲ್ಲ ಭಾಷೆಯವರೂ ತಪ್ಪಿದ ಕಡೆ ಕನ್ನಡದವರು ಮಾತ್ರ ಮೊದಲ ದಿನದಿಂದ ಸರಿಯಾಗಿ ಹಾಕಿದ್ದು ಹೇಗೆ? ಕಡೆಯ ಎಪಿಸೋಡು ಎಲ್ಲಿಂದಲೋ ಸೋರಿದೆ ಎಂಬುದು ಅವರ ಗುಮಾನಿ. ಸೋರಿದ್ದು ನಿಜವಾದರೆ ನಮ್ಮ ಕಂಪೆನಿಗೆ ಅವರ ಕೆಲಸ ಇನ್ನಿಲ್ಲ, ಪೊಲೀಸರವರೆಗೂ ಹೋಗಬಹುದು. ಕಾಕ ಊಟದ ಹೊತ್ತಿಗೆ ಊರಿಗೆ ಫೋನು ಮಾಡಿ ಸಾಲು ಓದುತ್ತಿದ್ದುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಸುದ್ದಿಯೂ ಅಬುಧಾಬಿಗೆ ತಲುಪಿತ್ತು.

ಮರುದಿನ ಬೆಳಿಗ್ಗೆ ಘುಬೈಬಾ ನಿಲ್ದಾಣದಿಂದ ಅಬುಧಾಬಿಯ ಬಸ್ಸು ಹತ್ತಿದೆವು. ಕಾಕ ಕಿಟಕಿಯ ಬಳಿ ಕೂತು, ಬ್ರಿಟಿಷರ ಧಾರಾವಾಹಿಯಲ್ಲಿ ಯಾರು ಯಾವಾಗ ಏನು ಹೇಳುತ್ತಾರೆಂದು ತಮ್ಮಷ್ಟಕ್ಕೆ ಗುನುಗುತ್ತಿದ್ದರು, ಪರೀಕ್ಷೆಗೆ ಹೋಗುವವರ ಹಾಗೆ. ಅರ್ಧ ದಾರಿಯಲ್ಲಿ ನಾನು, ಬಟನ್ ಒತ್ತಿದ್ದು ನಾನೆಂದು ಇವತ್ತು ಹೇಳುತ್ತೇನೆ ಎಂದೆ. ಅವರು ನನ್ನ ಕಡೆ ತಿರುಗಿ ಬೇಡ ಎನ್ನಲಿಲ್ಲ. "ನಾನು ಮುಗಿಸಿದ ಮೇಲೆ ಹೇಳು. ಮೊದಲು ಹೇಳಿದರೆ ನನಗೆ ಗಡಿಬಿಡಿ ಆಗ್ತದೆ" ಎಂದರು.

ಮೀಟಿಂಗಿನ ಕೋಣೆಯಲ್ಲಿ ಮಾಲೀಕರಿದ್ದರು, ಮ್ಯಾನೇಜರ್ ಇದ್ದರು. ಗೋಡೆಯ ದೊಡ್ಡ ಪರದೆಯಲ್ಲಿ ಧಾರಾವಾಹಿಯ ಒಡೆಯರ ಕಡೆಯ ಒಬ್ಬ ಹೆಂಗಸು. ನರೆಗೂದಲು, ನಗುವಿಲ್ಲದ ಮುಖ. ಸುತ್ತುಬಳಸದೆ ಕೇಳಿದರು: ನಿಮಗೆ ಎಂಟನೆಯ ಎಪಿಸೋಡು ತೋರಿಸಿದವರು ಯಾರು?

ಯಾರೂ ಇಲ್ಲ, ನಿಮ್ಮ ಆಳುಗಳೇ ಹೇಳಿದರು ಎಂದರು ಕಾಕ, ತಮ್ಮ ಅಂಗಡಿಯ ಇಂಗ್ಲಿಷಿನಲ್ಲಿ. ಆಮೇಲೆ ಎದ್ದು ನಿಂತರು. ಬ್ರಿಟಿಷರ ಧಾರಾವಾಹಿಯ ಒಂದು ದೃಶ್ಯವನ್ನು ಹೇಳಿದರು. ಲಂಡನ್ನಿನ ಆ ನಟನ ದನಿಯಲ್ಲೇ, ಅದೇ ತಡೆದು ತಡೆದು ಆಡುವ ಮಾತು, ಸಾಲಿಗೊಂದು ಹಿ. ಅದರ ಬೆನ್ನಿಗೆ ಅಮೆರಿಕದವರ ಅದೇ ದೃಶ್ಯ. ಅಲ್ಲಿ ಹಿ ಇಲ್ಲ, ಅದರ ಜಾಗದಲ್ಲಿ ಪೂರ್ತಿ ಹೆಸರು, ಮೂರು ಸಲ. ಹೀಗೆ ಒಂದಾದ ಮೇಲೊಂದು ಐದು ದೃಶ್ಯ. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಎರಡನೆಯ ಎಪಿಸೋಡಿನ ಆ ಸಣ್ಣ ನಗು ನಕ್ಕು ತೋರಿಸಿದರು. ಕನ್ನಡದಲ್ಲಿ ಗಂಡು ಹೆಣ್ಣು ಎರಡನ್ನೂ ಮುಚ್ಚುವ ಒಂದು ಮಾತಿದೆ, ದೊಡ್ಡವರಿಗೆ ಹೇಳುವ ಮಾತು, ಅದನ್ನು ಹಾಕಿದೆ ಎಂದರು.

ಪರದೆಯ ಮೇಲಿನ ಹೆಂಗಸು ಏನೋ ಬರೆದುಕೊಂಡರು. ಆಮೇಲೆ ಕೇಳಿದರು, ಮೂವತ್ತು ಮೂವತ್ತೈದು ವರ್ಷದ ಹಿಂದೆ ನೋಡಿದ್ದು ಇಷ್ಟು ನೆನಪಿರುವುದು ಹೇಗೆ?

"ನಾನು ಅದನ್ನು ನೋಡಿದ್ದಲ್ಲ ಮೇಡಂ. ಹೇಳಿದ್ದು" ಎಂದರು ಕಾಕ.

ಆಗ ಅವರು ಹೇಳಿದ್ದು ನನಗೂ ಹೊಸದು. ದೇರಾದ ಒಂದೇ ಕೋಣೆಯಲ್ಲಿ ಅವರು ಎಂಟು ಜನ ಇದ್ದರು. ಮೀನು ಮಾರುಕಟ್ಟೆಯವರು, ಹೋಟೆಲಿನವರು, ಗೋದಾಮಿನವರು. ಯಾರಿಗೂ ಇಂಗ್ಲಿಷ್ ಬಾರದು. ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿದು ಊಟವಾದ ಮೇಲೆ ಕಾಕ ಅಂಗಡಿಯಿಂದ ಒಂದು ಕ್ಯಾಸೆಟ್ ತಂದು ಹಾಕುವರು. ಟಿವಿಯ ಪಕ್ಕ ನಿಂತು ಎಲ್ಲ ಪಾತ್ರದ ಮಾತನ್ನೂ ಆಗಿಂದಾಗ ಕನ್ನಡದಲ್ಲಿ ಹೇಳುವರು. ಬ್ರಿಟಿಷರ ಆ ಧಾರಾವಾಹಿ ಆರು ಎಪಿಸೋಡು, ಆರು ಶುಕ್ರವಾರ. ವಾರಪೂರ್ತಿ ಯಾರೋ ಒಬ್ಬರು ಅಡುಗೆ ಮಾಡುವಾಗ, ಇನ್ನೊಬ್ಬರು ಬಟ್ಟೆ ಒಗೆಯುವಾಗ ಕೇಳುವರು, ಅವನು ಯಾಕೆ ಹಾಗೆ ಹೇಳಿದ, ಇವನು ಯಾಕೆ ಸುಮ್ಮನಾದ. ಕಾಕ ಮತ್ತೆ ಹೇಳುವರು.

"ನೋಡಿದ್ದು ಮರೆತು ಹೋಗ್ತದೆ. ಎಂಟು ಜನರಿಗೆ ಹೇಳಿದ್ದು ಮರೆಯುದಿಲ್ಲ" ಎಂದು ಕೂತರು.

ನಾನು ಎದ್ದು, ಫೈಲು ಗೊತ್ತಿದ್ದೇ ಕಳಿಸಿದವಳು ನಾನು, ಇವರು ನನ್ನನ್ನು ಉಳಿಸಲು ಸುಳ್ಳು ಹೇಳಿದರು ಎಂದೆ.

ಆ ಹೆಂಗಸು ಮೊದಲ ಸಲ ನಕ್ಕರು. ಕತೆ ಬರೆದವರು ತಿಂಗಳುಗಟ್ಟಲೆ ಕೂತು ಒಂದೊಂದೇ 'ಹಿ' ತೆಗೆದಿದ್ದರಂತೆ. ಅದನ್ನು ಯಾರೂ ಗಮನಿಸಲಾರರು ಎಂಬ ಹೆಮ್ಮೆ ಅವರಿಗಿತ್ತಂತೆ. ಗಮನಿಸಿದವರು ದುಬೈಯಲ್ಲಿ ಒಬ್ಬರಿದ್ದಾರೆಂದು ಇವತ್ತೇ ಅವರಿಗೆ ಹೇಳುತ್ತೇನೆ ಎಂದರು. ಸೋರಿಕೆಯ ಮಾತು ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ತಮ್ಮ ಯಾವುದೇ ಧಾರಾವಾಹಿ ಬಂದರೂ ಕಡೆಯ ಎಪಿಸೋಡಿನ ಸಮೇತ ಪೂರ್ತಿ ಕತೆಯನ್ನು ಈ ಹಿರಿಯರಿಗೆ ಮೊದಲು ತೋರಿಸಬೇಕು, ಇವರು ಒಪ್ಪಿದ ಮೇಲೆ ಬೇರೆ ಭಾಷೆಯವರು ಶುರುಮಾಡಲಿ ಎಂದೂ ಹೇಳಿದರು. ಮಾಲೀಕರು ತಮ್ಮ ಕುರ್ಚಿ ಬಿಟ್ಟು ಬಂದು ಕಾಕನನ್ನು ಅಪ್ಪಿಕೊಂಡು, ನಿನ್ನ ಅಂಗಡಿಯಲ್ಲಿ ನೀನು ಕೆಟ್ಟದು ಅಂದ ಕ್ಯಾಸೆಟ್ ನಾನು ಯಾವತ್ತೂ ಒಯ್ಯಲಿಲ್ಲ ಎಂದರು.

ಕೋಣೆಯಿಂದ ಹೊರಗೆ ಬಂದಾಗ ಕಾಕ ಜೇಬಿನಿಂದ ಆ ಕಾಗದ ತೆಗೆದು ಮ್ಯಾನೇಜರಿಗೆ ಕೊಟ್ಟರು. ಅವರು ಅದನ್ನು ಅಲ್ಲೇ ಹರಿದರು. ಮುಂದಿನ ವಾರ ಒಂದು ನೋಟ್‌ಪುಸ್ತಕ ಹಿಡಿದು ನಮ್ಮ ಮೇಜಿಗೆ ಬಂದು, ಅವನು, ಅವಳು, ಅವರು ಮೂರನ್ನೂ ಬರೆಯಲು ಕಲಿಸಿ ಎಂದು ಕಾಕನ ಪಕ್ಕ ಕೂತರು. ಕಾಕ ಆಕೆಯ ಕೈಬರಹವನ್ನು ಬಹಳ ಹೊಗಳಿದರು. ನನ್ನದನ್ನು ಒಮ್ಮೆಯೂ ಹೊಗಳಿದವರಲ್ಲ.

ಅದಾದ ಮೇಲೆ ಕಾಕ ಎರಡು ವರ್ಷ ಕೆಲಸ ಮಾಡಿದರು. ಹಿಂದಿಯವರು, ತಮಿಳಿನವರು, ಅರಬಿಯವರು ಬಂದು ಅವರ ಮೇಜಿನ ಎದುರು ನಿಲ್ಲುವುದು ದಿನದ ರೂಢಿಯಾಯಿತು. ಅವರ ಭಾಷೆ ಕಾಕನಿಗೆ ಅರ್ಧಂಬರ್ಧ. ಆದರೂ ದೃಶ್ಯವನ್ನು ಕೇಳಿ, ಇಲ್ಲಿ ಇವನು ಹೆದ್ರಿದ್ದಾನೆ, ನೀನು ಸಿಟ್ಟು ಬರೆದಿದ್ದಿ ಎನ್ನುವರು. ಈ ಸಲ ವೀಸಾ ಮುಗಿದಾಗ ಮ್ಯಾನೇಜರೇ ಇನ್ನೂ ಎರಡು ವರ್ಷ ಇರಿ ಎಂದು ಕೇಳಿದರು. ಸಾಕು, ಮನೆಯಲ್ಲಿ ಪೇಪರು ಓದಿ ತಪ್ಪು ಹಿಡಿಯುವವರು ಒಬ್ಬರೇ ಆಗಿದ್ದಾರೆ ಎಂದು ಕಾಕ ತಾವಾಗಿ ಬಿಟ್ಟರು.

ಅವರನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಮಾತ್ರ ಆ ಧಾರಾವಾಹಿ ಬಿಡುಗಡೆಯಾದ ವಾರದ ಒಂದು ಶನಿವಾರ. ಕಾಕ ತಮ್ಮ ಕೋಣೆಗೆ ಊಟಕ್ಕೆ ಕರೆದಿದ್ದರು. ನನ್ನ ಗಂಡ ಮುಸಫ್ಫಾದಿಂದ ಬಂದಿದ್ದರು, ಮಗಳೂ ಇದ್ದಳು. ಹಳೆಯ ಎಂಟು ಜನರಲ್ಲಿ ಇನ್ನೂ ಈ ದೇಶದಲ್ಲಿದ್ದ ಮೂವರು ಬಂದಿದ್ದರು. ಅವರಲ್ಲೊಬ್ಬರು ಕುಂದಾಪುರ ಕಡೆಯ ಕ್ಯಾಥೋಲಿಕ್, ಜೀವಮಾನವೆಲ್ಲ ಹೋಟೆಲಿನಲ್ಲಿ ಅಡುಗೆ ಮಾಡಿದವರು. ಬಿರಿಯಾನಿ ಅವರದೇ. ಆ ವಾರವಿಡೀ ಮೂವರೂ ದಿನಕ್ಕೆ ಒಂದರಂತೆ ಕನ್ನಡ ಸಬ್‌ಟೈಟಲ್ ಹಾಕಿಕೊಂಡು ನೋಡಿದ್ದರು. ಅವತ್ತು ಉಳಿದದ್ದು ಎಂಟನೆಯದು.

ಕಾಕ ಗೋಡೆಗೊರಗಿ ನೆಲದ ಮೇಲೆ ಕೂತು ಒಂದು ಮಾತೂ ಆಡದೆ ಉಣ್ಣುತ್ತಿದ್ದರು. ಎಲ್ಲರ ಕಣ್ಣೂ ಪರದೆಯ ಕೆಳಗಿನ ಸಾಲಿನ ಮೇಲೆ. ಅಮೆರಿಕದವರ ಓಡುವ ಇಂಗ್ಲಿಷು ಮಗಳ ಕಿವಿಗೆ ಹತ್ತುತ್ತಿರಲಿಲ್ಲ, ಕನ್ನಡ ಓದಲೂ ನಿಧಾನ. ಒಂದು ಸಾಲು ತಪ್ಪಿದರೆ ಅಪ್ಪನ ತೋಳು ಹಿಡಿದು ಏನು ಹೇಳಿದ ಎನ್ನುತ್ತಿದ್ದಳು. ಮುದುಕಿ ಪ್ರೊಫೆಸರ್ ಫೋನು ಎತ್ತಿ ತಾನು ಯಾರೆಂದು ಹೇಳಿದಾಗ ನನ್ನ ಗಂಡನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆರು ವಾರ ನಾನು ಮನೆಯಲ್ಲಿ ಈ ಗುಟ್ಟು ಬಿಟ್ಟಿರಲಿಲ್ಲ.

ಮೊದಲು ಮಾತಾಡಿದವರು ಕುಂದಾಪುರದ ಅಡುಗೆಯವರು. ಕಾಕನ ಕಡೆ ತಿರುಗಿ, ನಿಜವಾಗಿ ನೊಂದವರ ಹಾಗೆ ಕೇಳಿದರು.

"ಅವತ್ತು ನೀನು ನಮಗೆ ಗಂಡಸು ಅಂತ ಹೇಳಿದ್ದೆ ಅಲ್ವಾ? ಇಷ್ಟು ವರ್ಷ ನಾನು ಗಂಡಸು ಅಂತಲೇ ನಂಬಿದ್ದು."

ಅದು ಬ್ರಿಟಿಷರದ್ದು, ಇದು ಅಮೆರಿಕದವರದ್ದು, ಅವರು ಬದಲಿಸಿದ್ದಾರೆ ಎಂದು ಕಾಕ ಹೇಳಿದರು. ಅಡುಗೆಯವರು ಒಪ್ಪಲಿಲ್ಲ. ಒಂದೇ ಕತೆ ಹೇಗೆ ಬದಲಾಗುತ್ತದೆ, ನಿನಗೆ ಆಗ ಇಂಗ್ಲಿಷ್ ಸರಿ ಬರುತ್ತಿರಲಿಲ್ಲ, ಊಹೆ ಮಾಡಿ ಹೇಳಿದ್ದೆ ಎಂದರು. ಉಳಿದಿಬ್ಬರೂ ಅವರ ಕಡೆ ಸೇರಿದರು. ಹಮ್ದಾನ್ ಸ್ಟ್ರೀಟಿನಲ್ಲಿ ಅಲುಗದಿದ್ದ ಕಾಕನ ಮುಖ ಆಗ ಕೆಂಪಾಯಿತು. ತಟ್ಟೆ ಬದಿಗಿಟ್ಟು, ಕೈ ತೊಳೆದುಕೊಂಡು ಬಂದು ಟಿವಿಯ ಪಕ್ಕ ನಿಂತರು. ರಿಮೋಟು ತೆಗೆದುಕೊಂಡು ಟಿವಿ ಆರಿಸಿದರು.

"ಸರಿ. ಮೊದಲ ಎಪಿಸೋಡು. ಲಂಡನ್. ಬೆಳಿಗ್ಗೆ. ಒಬ್ಬ ಗುಮಾಸ್ತ ಆಫೀಸಿಗೆ ಬರ್ತಾನೆ, ಮೇಜಿನ ಮೇಲೆ ಒಂದು ಕಡತ ಉಂಟು" ಎಂದು ಶುರುಮಾಡಿದರು.

ಬಿರಿಯಾನಿ ಅಲ್ಲೇ ಬಿಟ್ಟು ಎಲ್ಲರೂ ಅವರ ಕಡೆ ತಿರುಗಿ ಕೂತೆವು. ಮಗಳು ಅಪ್ಪನ ತೋಳು ಬಿಟ್ಟು ಮುಂದಕ್ಕೆ ಸರಿದಳು. ಅವಳಿಗೆ ಒಂದು ಮಾತೂ ತಪ್ಪಲಿಲ್ಲ.